ಮೆಣಸಿನ ಸಾರು, ಬಿಳಿ ಅನ್ನ ಮತ್ತು ಮೂರು ತಿಂಗಳ ಕೂಸಿನ ಹೃದಯ

ಪ್ರಶ್ನೆ: ನಾವು ಭದ್ರಾವತಿಯವರು. ನನ್ನ ತಂಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಅದು ಹಾಲು ಕುಡಿಯುವುದನ್ನು ಕಡಿಮೆ ಮಾಡಿತು, ಕುಡಿದದ್ದನ್ನೂ ಕಕ್ಕತೊಡಗಿತು. ಆಮೇಲೆ ಮೇಲುಸಿರು ಬಂತು. ಅಳುತ್ತಿತ್ತು, ಆದರೆ ಬಾಯಿ ತೆರೆದಷ್ಟು ಸ್ವರ ಹೊರಡುತ್ತಿರಲಿಲ್ಲ. ಮೊದಲು ಕಫವೆಂದು ಔಷಧ ಕೊಡಿಸಿದೆವು. ಎರಡನೆಯ ದಿನ ಶಿವಮೊಗ್ಗಕ್ಕೆ ಒಯ್ದೆವು. ಅಲ್ಲಿ ಎಕೋ ಮಾಡಿ, ಹೃದಯ ಸೋಲುತ್ತಿದೆ ಎಂದರು. ನಮ್ಮ ಕೈಕಾಲು ತಣ್ಣಗಾದವು. ಆಮೇಲೆ ವೈದ್ಯರು ತಂಗಿಯನ್ನು ಕೂರಿಸಿಕೊಂಡು ಏನೇನು ಊಟ ಮಾಡುತ್ತೀಯ ಎಂದು ಕೇಳಿದರು. ಮಗುವಿಗೆ ಬಿ1 ವಿಟಮಿನ್ ಚುಚ್ಚುಮದ್ದು ಕೊಟ್ಟರು. ಮರುದಿನ ಮಗು ಹಾಲು ಕುಡಿಯಿತು. ಒಂದು ವಿಟಮಿನ್ ಕಡಿಮೆಯಾದರೆ ಹೃದಯ ಸೋಲುತ್ತದೆಯೇ? ರಕ್ತಪರೀಕ್ಷೆಯ ವರದಿ ಬರುವ ಮೊದಲೇ ಅವರಿಗೆ ಹೇಗೆ ತಿಳಿಯಿತು? ಪಥ್ಯ ಮಾಡಿಸಿದ್ದರಿಂದಲೇ ಹೀಗಾಯಿತೆಂದು ಮನೆಯಲ್ಲಿ ಮಾತು ಬಂದು, ನಮ್ಮ ಅಮ್ಮ ಸರಿಯಾಗಿ ಊಟವನ್ನೇ ಮಾಡುತ್ತಿಲ್ಲ.
– ಭದ್ರಾವತಿಯ ಓದುಗರು

ಉತ್ತರ: ಮೊದಲು ನಿಮ್ಮ ಅಮ್ಮನಿಗೆ ಊಟ ಬಡಿಸಿ. ಅವರು ತಮ್ಮ ತಾಯಿ ತಮಗೆ ಮಾಡಿದ ಬಾಣಂತನವನ್ನು ಮಗಳಿಗೆ ಮಾಡಿದ್ದಾರೆ. ಮಗಳ ಮೈ ಗಟ್ಟಿಯಾಗಲಿ, ಕೂಸಿಗೆ ಶೀತ ವಾಯು ಆಗದಿರಲಿ ಎಂದೇ ಅಷ್ಟು ಕಟ್ಟುನಿಟ್ಟು. ಬೇಳೆ ಬಿಡಬೇಡಿ, ಸೊಪ್ಪು ಬಿಡಬೇಡಿ ಎಂದು ಬಿಡಿಸಿ ಹೇಳುವವರು ಅವರಿಗೆ ಸಿಕ್ಕಿರಲಿಕ್ಕಿಲ್ಲ. ತಪ್ಪು ಹೊರಿಸುವುದಾದರೆ ಅದನ್ನು ಹೇಳದೆ ಬಿಟ್ಟ ನಮ್ಮಂಥ ಬರೆಯುವವರ, ಓದಿದವರ ಮೇಲೆ ಹೊರಿಸಬೇಕು.

ಇನ್ನು ನಿಮ್ಮ ಪ್ರಶ್ನೆ. ಹೌದು, ಒಂದು ವಿಟಮಿನ್ ಇಲ್ಲದೆ ಹೃದಯ ಸೋಲುತ್ತದೆ. ಎಳೆಗೂಸಿನಲ್ಲಾದರೆ ಬಹಳ ಬೇಗ ಸೋಲುತ್ತದೆ. ಆ ವಿಟಮಿನ್ನಿನ ಹೆಸರು ಥಯಮಿನ್, ಅಂದರೆ ಬಿ1. ಅದರ ಕೊರತೆಯಿಂದ ಬರುವ ಕಾಯಿಲೆ ಬೆರಿಬೆರಿ. ಅದು ಹಳೆಯ ಕಾಲದ, ಹಡಗಿನವರ, ಜೈಲಿನವರ ಕಾಯಿಲೆ ಎಂದು ಪುಸ್ತಕದಲ್ಲಿ ಓದಿ ಮರೆತವರೇ ಹೆಚ್ಚು. ಹಾಗೆ ಮರೆತದ್ದರಿಂದಲೇ ನಮ್ಮ ನಡುವಿನ ಕೂಸುಗಳಲ್ಲಿ ಅದು ನ್ಯುಮೋನಿಯಾ ಎಂದೋ ನಂಜು ಎಂದೋ ಬೇರೆ ಹೆಸರಿನಲ್ಲಿ ದಾಟಿಹೋಗುತ್ತದೆ.

ನಿಮ್ಮ ಊರಿನವರಿಗೆ ಕುಲುಮೆಯ ಮಾತಿನಲ್ಲಿ ಹೇಳಿದರೆ ಬೇಗ ಅರ್ಥವಾದೀತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಮೊದಲು ಮಲೆನಾಡಿನ ಕಟ್ಟಿಗೆ ಸುಟ್ಟ ಇದ್ದಿಲಿನಿಂದ ನಡೆಯಿತು. ಇದ್ದಿಲನ್ನು ಎಷ್ಟೇ ತುಂಬಿ, ಗಾಳಿ ಊದದಿದ್ದರೆ ಅದಿರು ಕರಗುವುದಿಲ್ಲ, ಹೊಗೆ ಮಾತ್ರ ತುಂಬಿಕೊಳ್ಳುತ್ತದೆ. ನಾವು ತಿಂದ ಅನ್ನ ಸಕ್ಕರೆಯಾಗಿ ಜೀವಕೋಶ ಸೇರುತ್ತದೆ. ಅದು ಪೂರಾ ಉರಿದು ಶಕ್ತಿಯಾಗುವ ಬಾಗಿಲಲ್ಲಿ ಥಯಮಿನ್ ಬೇಕು. ಇಲ್ಲದಿದ್ದರೆ ಸಕ್ಕರೆ ಅರ್ಧಕ್ಕೇ ನಿಂತು ಲ್ಯಾಕ್ಟಿಕ್ ಆಮ್ಲವಾಗಿ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಹೃದಯ ಒಂದು ಗಳಿಗೆಯೂ ಕೂರದೆ ದುಡಿಯುವ ಸ್ನಾಯು. ಅದಕ್ಕೇ ಅದು ಸೊರಗುತ್ತದೆ, ನರಗಳೂ ಸೊರಗುತ್ತವೆ. ದೊಡ್ಡವರಲ್ಲಿ ಕಾಲು ಊದಿಕೊಂಡು, ಅಂಗಾಲು ಜೋಮು ಹಿಡಿದು, ತಿಂಗಳುಗಟ್ಟಲೆ ಎಳೆಯುವ ಕಾಯಿಲೆ ಮೂರು ತಿಂಗಳ ಕೂಸಿನಲ್ಲಿ ಎರಡು ಮೂರು ದಿನದಲ್ಲಿ ಮುಗಿದುಹೋಗಬಹುದು.

ಕೊರತೆ ತಾಯಿಯದು, ಬಿದ್ದದ್ದು ಮಗು. ಇದು ಹೇಗೆ ಎಂಬುದು ನಿಮ್ಮ ಮನೆಯವರ ಮನಸ್ಸಿನಲ್ಲಿ ಕೊರೆಯುತ್ತಿರಬೇಕು. ಥಯಮಿನ್ ನೀರಿನಲ್ಲಿ ಕರಗುವ ವಸ್ತು. ದೇಹ ಅದನ್ನು ಕೂಡಿಟ್ಟುಕೊಳ್ಳುವುದಿಲ್ಲ. ಬೆಳೆದ ಮನುಷ್ಯನ ಮೈಯಲ್ಲಿ ಒಟ್ಟು ಇರುವುದೇ ಸುಮಾರು 30 ಮಿಲಿಗ್ರಾಂ. ಊಟದಲ್ಲಿ ಸಿಗದಿದ್ದರೆ ಅದು ಎರಡು ಮೂರು ವಾರಕ್ಕೆ ತೀರುತ್ತದೆ. ಹೊಟ್ಟೆಯಲ್ಲಿದ್ದಾಗ ಕೂಸು ತಾಯಿಯಿಂದ ತನ್ನ ಪಾಲನ್ನು ಎಳೆದುಕೊಂಡಿರುತ್ತದೆ. ಹಾಗಾಗಿ ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ, ತೂಕವೂ ಸರಿ ಇರುತ್ತದೆ. ಹುಟ್ಟಿದ ಮೇಲೆ ಅದಕ್ಕೆ ಎದೆಹಾಲೊಂದೇ ದಾರಿ. ತಾಯಿಯ ಊಟದಲ್ಲಿ ಇಲ್ಲದ್ದು ಹಾಲಿಗೂ ಇಳಿಯದು. ಮಗು ದಿನದಿನಕ್ಕೆ ಬೆಳೆಯುತ್ತದೆ, ಬೇಡಿಕೆ ಏರುತ್ತದೆ, ಹುಟ್ಟುವಾಗ ತಂದ ಗಂಟು ಕರಗುತ್ತದೆ. ಲೆಕ್ಕ ತಪ್ಪುವುದು ಎರಡರಿಂದ ನಾಲ್ಕು ತಿಂಗಳ ಹೊತ್ತಿಗೆ. ನಿಮ್ಮ ಮನೆಯ ಕೂಸಿನ ವಯಸ್ಸು ಸರಿಯಾಗಿ ಅದೇ ನಡುವೆ ಇದೆ. ತಾಯಿ ಮೇಲುನೋಟಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತಾಳೆ. ಕೇಳಿದರೆ ಮಾತ್ರ, ಪಾದ ಜುಮುಜುಮು ಎನ್ನುತ್ತದೆ, ರಾತ್ರಿ ಕಾಲು ಸೆಳೆಯುತ್ತದೆ ಎಂದಾಳು. ಬಾಣಂತಿಗೆ ಅದೆಲ್ಲ ಇದ್ದದ್ದೇ ಎಂದು ಬಿಟ್ಟುಬಿಟ್ಟಿರುತ್ತಾರೆ.

ಈಗ ತಟ್ಟೆಗೆ ಬರೋಣ. ಬಿಳಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ತುಪ್ಪ. ಬೇಳೆ ವಾಯು, ಸೊಪ್ಪು ಶೀತ, ಶೇಂಗಾ ಪಿತ್ತ, ಮೊಟ್ಟೆ ಮೀನು ನಂಜು, ಹಣ್ಣು ಬೇಡವೇ ಬೇಡ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ನಲವತ್ತು ದಿನ, ಕೆಲವು ಕಡೆ ಮೂರು ತಿಂಗಳು, ಐದು ತಿಂಗಳು ಇದೇ ಊಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರಕೋಷ್ಟಕದಲ್ಲಿ ನೋಡಿ: ಪಾಲಿಶ್ ಮಾಡಿದ ಬಿಳಿ ಅಕ್ಕಿಯ 100 ಗ್ರಾಮಿನಲ್ಲಿ ಥಯಮಿನ್ ಸುಮಾರು 0.05 ಮಿಲಿಗ್ರಾಂ. ಕುಸುಬಲಕ್ಕಿಯಲ್ಲಿ ಸುಮಾರು 0.17. ಪಾಲಿಶ್ ಮಾಡದ ಅಕ್ಕಿಯಲ್ಲಿ 0.27. ರಾಗಿಯಲ್ಲಿ 0.37. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ. ಹಸಿದ ಬಾಣಂತಿ ದಿನಕ್ಕೆ 400 ಗ್ರಾಂ ಬಿಳಿ ಅಕ್ಕಿಯ ಅನ್ನ ಉಂಡರೂ ಅವಳಿಗೆ ದಕ್ಕುವುದು 0.2, ಬೇಕಾದದ್ದರ ಹತ್ತನೆಯ ಒಂದು ಪಾಲು. ಅದೂ ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆಯದೆ, ಗಂಜಿ ಬಸಿಯದೆ ಬೇಯಿಸಿದರೆ. ತೊಳೆದ ನೀರಿನೊಡನೆ ಒಂದಷ್ಟು, ಬಸಿದ ತಿಳಿಯೊಡನೆ ಇನ್ನಷ್ಟು ಹೋಗುತ್ತದೆ. ಭತ್ತದ ಥಯಮಿನ್ ಬಹುಪಾಲು ಇರುವುದೇ ತೌಡಿನಲ್ಲಿ. ಒನಕೆಯಿಂದ ಕುಟ್ಟಿದ ಕಾಲದಲ್ಲಿ ಅಕ್ಕಿಗೆ ಸ್ವಲ್ಪ ತೌಡು ಅಂಟಿಕೊಂಡೇ ಉಳಿಯುತ್ತಿತ್ತು. ಮಿಲ್ಲಿನ ಪಾಲಿಶ್ ಅದನ್ನು ಪೂರ್ತಿ ತೆಗೆಯಿತು. ತೌಡೂ ಕಲಗಚ್ಚೂ ಕೊಟ್ಟಿಗೆಗೆ ಹೋಗುತ್ತವೆ, ಬಿಳಿ ಅನ್ನ ಬಾಣಂತಿ ಕೋಣೆಗೆ ಬರುತ್ತದೆ. ಇದಕ್ಕೆ ಎಲೆ ಅಡಿಕೆಯೂ ಸೇರಿದರೆ ಕಷ್ಟ ಹೆಚ್ಚು. ಅಡಿಕೆಯಲ್ಲಿ, ಕಡುಚಹಾದಲ್ಲಿ ಇರುವ ಒಗರು ಸಿಕ್ಕಿದ ಥಯಮಿನ್ನನ್ನೂ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಅಡಿಕೆಯ ಜಿಲ್ಲೆಯವರಾದ ನಮಗೆ ಇದು ಕೇಳಲು ಹಿತವಲ್ಲ, ಆದರೂ ಬಾಣಂತಿಗೆ ಊಟವಾದ ಕೂಡಲೇ ವೀಳ್ಯ ಕೊಡುವುದನ್ನು ನಿಲ್ಲಿಸಬೇಕು.

ಕುಸುಬಲಕ್ಕಿಯ ಬಗ್ಗೆ ಒಂದು ಮಾತು. ಭತ್ತವನ್ನು ಸಿಪ್ಪೆಯ ಸಮೇತ ನೆನೆಸಿ ಬೇಯಿಸಿದಾಗ ತೌಡಿನ ಥಯಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ ಮಾಡಿದರೂ ಪೂರಾ ಹೋಗುವುದಿಲ್ಲ. ಕರಾವಳಿಯವರು ಕುಚ್ಚಲಕ್ಕಿ ಗಂಜಿ ಬಿಡದಿರುವುದು ಒಳ್ಳೆಯದೇ. ಆದರೆ ಅಲ್ಲಿಯೂ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಮಾತ್ರ ಅದು ಜೀರ್ಣಕ್ಕೆ ಭಾರವೆಂದು ಬೆಳ್ತಿಗೆ ಅನ್ನ ಮಾಡುತ್ತಾರೆ. ಮನೆಯಲ್ಲಿ ಹೆಚ್ಚು ಬೇಕಾದವಳಿಗೇ ಕಡಿಮೆ ಸತ್ವದ ಅನ್ನ ಸಿಗುತ್ತದೆ.

ಇನ್ನು ವೈದ್ಯರಿಗೆ ಹೇಗೆ ತಿಳಿಯಿತು ಎಂಬುದು. ನಿಮ್ಮ ಕಾಗದದಲ್ಲಿ ನೀವೇ ಬರೆದಿದ್ದೀರಿ: ತಂಗಿಯನ್ನು ಕೂರಿಸಿಕೊಂಡು ಏನು ಊಟ ಮಾಡುತ್ತೀಯ ಎಂದು ಕೇಳಿದರು ಎಂದು. ರೋಗ ಸಿಕ್ಕಿದ್ದು ಅಲ್ಲಿ. ಅದಕ್ಕೂ ಮೊದಲು ಮಗುವಿನ ಮೈ ಕೆಲವು ಸುಳಿವು ಕೊಟ್ಟಿತ್ತು. ಹಾಲು ಬಿಟ್ಟದ್ದು, ವಾಂತಿ, ಸಮಾಧಾನವಾಗದ ಅಳು, ವೇಗದ ಉಸಿರು, ಬಲಪಕ್ಕೆಯ ಕೆಳಗೆ ಕೈಗೆ ಸಿಗುವಷ್ಟು ಊದಿದ ಪಿತ್ತಜನಕಾಂಗ. ಇವೆಲ್ಲ ಬೇರೆ ಕಾಯಿಲೆಗಳಲ್ಲೂ ಬರುತ್ತವೆ. ಆದರೆ ಸ್ವರವಿಲ್ಲದ ಅಳು ಹಾಗಲ್ಲ. ಕಂಠದ ಸ್ವರತಂತುಗಳಿಗೆ ಹೋಗುವ ಎಡಗಡೆಯ ನರ ಎದೆಯೊಳಕ್ಕೆ ಇಳಿದು, ಮಹಾಧಮನಿಯನ್ನು ಬಳಸಿ, ಶ್ವಾಸಕೋಶದ ದೊಡ್ಡ ರಕ್ತನಾಳದ ಪಕ್ಕದಿಂದ ಮೇಲಕ್ಕೆ ಬರುತ್ತದೆ. ಆ ನಾಳ ಒತ್ತಡದಿಂದ ಹಿಗ್ಗಿದಾಗ ನರ ನಡುವೆ ಸಿಕ್ಕಿಕೊಳ್ಳುತ್ತದೆ. ಥಯಮಿನ್ ಇಲ್ಲದೆ ನರವೂ ಬಲಗುಂದಿರುತ್ತದೆ. ಮಗುವಿನ ಬಾಯಿ ಅಳುತ್ತದೆ, ಮುಖ ಅಳುತ್ತದೆ, ಸ್ವರ ಬರುವುದಿಲ್ಲ. ಇದನ್ನು ಮೊದಲು ಗಮನಿಸುವವರು ವೈದ್ಯರಲ್ಲ, ಮನೆಯವರು. ನೀವು ಅದನ್ನು ಕಾಗದದಲ್ಲಿ ಬರೆದಂತೆಯೇ ಆಸ್ಪತ್ರೆಯಲ್ಲೂ ಹೇಳಿದ್ದರೆ ಮಗುವಿನ ಜೀವ ಉಳಿದದ್ದರಲ್ಲಿ ನಿಮ್ಮ ಪಾಲೂ ಇದೆ.

ಎಕೋದಲ್ಲಿ ಕಾಣುವ ಚಿತ್ರ ಹೀಗೆ: ಹೃದಯದ ಗೋಡೆಯಲ್ಲಿ ರಂಧ್ರವಿಲ್ಲ, ಕವಾಟಗಳು ಸರಿ ಇವೆ, ರಕ್ತನಾಳಗಳು ತಮ್ಮ ಜಾಗದಲ್ಲೇ ಇವೆ. ಆದರೆ ಬಲಭಾಗ ಹಿಗ್ಗಿ ದೊಡ್ಡದಾಗಿದೆ, ಶ್ವಾಸಕೋಶದ ನಾಳಗಳಲ್ಲಿ ಒತ್ತಡ ವಿಪರೀತ ಏರಿದೆ. ರಚನೆ ಸರಿ ಇರುವ ಹೃದಯ ನಿನ್ನೆ ಮೊನ್ನೆಯಿಂದ ಹೀಗೇಕೆ ಆಯಿತು ಎಂಬ ಪ್ರಶ್ನೆ ಆಗ ಏಳುತ್ತದೆ. ಈ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿ ಗಟ್ಟಿಯಾಗಿ ಹಿಡಿದವರು ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದ್ರೋಗ ತಜ್ಞರು. ಎದೆಹಾಲನ್ನು ಮಾತ್ರ ಕುಡಿಯುವ, ಸರಾಸರಿ ಮೂರು ತಿಂಗಳ ಆಸುಪಾಸಿನ ಕೂಸುಗಳು ಇದೇ ಲಕ್ಷಣಗಳೊಂದಿಗೆ ಒಂದರ ಹಿಂದೆ ಒಂದರಂತೆ ಬರುತ್ತಿದ್ದುದನ್ನು ಅವರು ಗಮನಿಸಿದರು. ತಾಯಂದಿರ ಊಟ ವಿಚಾರಿಸಿದರು. ಪಾಲಿಶ್ ಅಕ್ಕಿಯ ಅನ್ನ ಮತ್ತು ಬಾಣಂತಿ ಪಥ್ಯ ಸಿಕ್ಕಿತು. ಥಯಮಿನ್ ಕೊಟ್ಟರು. ಒಂದೆರಡು ದಿನದಲ್ಲಿ ಹೃದಯದ ಬಲಭಾಗ ಮೊದಲಿನ ಅಳತೆಗೆ ಬಂತು. ಹೀಗೆ ಚೇತರಿಸಿಕೊಂಡ 200ಕ್ಕೂ ಹೆಚ್ಚು ಶಿಶುಗಳ ವಿವರವನ್ನು ಅವರು ಬರೆದದ್ದು 2021ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೈದರಾಬಾದಿನ ವೈದ್ಯರೂ ಬಿಳಿ ಅನ್ನದ ನಾಡಾದ ಕಾಶ್ಮೀರದ ವೈದ್ಯರೂ ಇಂಥದ್ದನ್ನೇ ಕಂಡು ಬರೆದಿದ್ದಾರೆ. ನನ್ನ ದೃಷ್ಟಿಯಲ್ಲಿ ಈಚಿನ ವರ್ಷಗಳಲ್ಲಿ ಕರ್ನಾಟಕದ ಮಕ್ಕಳ ವೈದ್ಯಕೀಯ ಕಂಡ ದೊಡ್ಡ ಕೆಲಸಗಳಲ್ಲಿ ಇದೊಂದು. ಹೊಸ ಯಂತ್ರ ಬೇಕಾಗಲಿಲ್ಲ, ದುಬಾರಿ ಔಷಧ ಬೇಕಾಗಲಿಲ್ಲ.

ರಕ್ತಪರೀಕ್ಷೆ ಇದೆಯೇ ಎಂದರೆ ಇದೆ. ರಕ್ತದಲ್ಲಿರುವ ಥಯಮಿನ್ ಅಳೆಯಬಹುದು. ಕೆಂಪು ರಕ್ತಕಣದಲ್ಲಿ ಥಯಮಿನ್ ನಂಬಿಕೊಂಡು ಕೆಲಸ ಮಾಡುವ ಕಿಣ್ವದ ಚುರುಕನ್ನು ನೋಡಬಹುದು. ಆದರೆ ಇವು ಎಲ್ಲೆಡೆ ಆಗುವುದಿಲ್ಲ. ಮಾದರಿ ದೂರದ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಲು ದಿನಗಳು ಬೇಕು. ಅಷ್ಟು ದಿನ ಆ ಕೂಸಿಗೆ ಇರುವುದಿಲ್ಲ. ರಕ್ತದ ಲ್ಯಾಕ್ಟೇಟ್ ಏರಿದೆಯೇ ಎಂಬುದು ಬೇಗ ಸಿಗುತ್ತದೆ, ಅದು ಅನುಮಾನವನ್ನು ಗಟ್ಟಿ ಮಾಡುತ್ತದೆ. ಕೊನೆಗೆ ರೋಗವನ್ನು ಖಚಿತಪಡಿಸುವುದು ಚಿಕಿತ್ಸೆಯೇ. ಬಿ1 ಚುಚ್ಚುಮದ್ದು ಕೊಟ್ಟು ಕಾಯುವುದು. ಇದೇ ಕಾಯಿಲೆಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ಉಸಿರಿನ ವೇಗ ತಗ್ಗುತ್ತದೆ, ಮೂತ್ರ ಹೋಗತೊಡಗುತ್ತದೆ, ಪಿತ್ತಜನಕಾಂಗ ಇಳಿಯುತ್ತದೆ, ಮಗು ಮೊಲೆಗೆ ಬಾಯಿ ಹಾಕುತ್ತದೆ. ಇದೇ ಚುಚ್ಚುಮದ್ದನ್ನು ಕುಡಿತದಿಂದ ಜರ್ಜರಿತರಾದವರಿಗೆ ಸಣ್ಣಪುಟ್ಟ ಆಸ್ಪತ್ರೆಗಳಲ್ಲೂ ಕೊಡುತ್ತಾರೆ. ಬೆಲೆ ಅಗ್ಗ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ತೊಂದರೆಯಾಗುವುದು ಬಹಳ ಅಪರೂಪ. ಅನುಮಾನ ತಪ್ಪಾಗಿದ್ದರೂ ಮಗುವಿಗೆ ಹಾನಿಯಿಲ್ಲ, ಅನುಮಾನವನ್ನೇ ಪಡದಿದ್ದರೆ ಮಗು ಉಳಿಯದು. ವೈದ್ಯರು ವರದಿಗೆ ಕಾಯದಿದ್ದುದು ಈ ಕಾರಣಕ್ಕೆ. ಬಿ1 ಕೊಡದೆ ಗ್ಲೂಕೋಸ್ ಡ್ರಿಪ್ ಮಾತ್ರ ಹಾಕಿದರೆ, ಗಾಳಿಯಿಲ್ಲದ ಕುಲುಮೆಗೆ ಇನ್ನಷ್ಟು ಇದ್ದಿಲು ಸುರಿದಂತಾಗಿ ಸ್ಥಿತಿ ಕೆಡುವುದೂ ಉಂಟು.

ಹಾಗೆಂದು ಮೇಲುಸಿರು ಬಂದ ಕೂಸಿಗೆಲ್ಲ ಇದೇ ಕಾಯಿಲೆ ಎಂದುಕೊಳ್ಳಬೇಡಿ. ನ್ಯುಮೋನಿಯಾ ಇರಬಹುದು, ಹುಟ್ಟಿನಿಂದ ಬಂದ ಹೃದಯದೋಷ ಇರಬಹುದು, ರಕ್ತಕ್ಕೆ ನಂಜೇರಿರಬಹುದು. ವೈದ್ಯರು ಅವನ್ನೂ ನೋಡುತ್ತಲೇ ಬಿ1 ಕೊಡುತ್ತಾರೆ. ಮನೆಯಲ್ಲಿ ಮಾತ್ರೆ ಪುಡಿ ಮಾಡಿ ಕುಡಿಸುತ್ತಾ ಕೂರುವ ಕೆಲಸ ಇದಲ್ಲ. ಭದ್ರಾವತಿಯಿಂದ ಶಿವಮೊಗ್ಗಕ್ಕೆ 20 ಕಿಲೋಮೀಟರ್ ಆಸುಪಾಸಿನ ಹಾದಿ. ಹಾಲು ಬಿಟ್ಟ, ಮೇಲುಸಿರು ಬಂದ, ಸ್ವರ ಕಳೆದುಕೊಂಡ ಕೂಸಿದ್ದರೆ ಆ ಹಾದಿಯನ್ನು ಬೆಳಗಾಗಲಿ ಎಂದು ಕಾಯದೆ ಹಿಡಿಯಬೇಕು. ದೃಷ್ಟಿ ತೆಗೆಯುವುದು, ಬಾಲಗ್ರಹಕ್ಕೆ ತಾಯತ ಕಟ್ಟಿಸುವುದು ಆಮೇಲೂ ಆದೀತು.

ವಿಟಮಿನ್ ಕೊರತೆಯಿಂದ ಎಳೆಯ ಹೃದಯ ಸೋಲುವ ಇನ್ನೊಂದು ದಾರಿಯೂ ಇದೆ, ಅದು ವಿಟಮಿನ್ ಡಿ. ಡಿ ಇಲ್ಲದಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತದೆ. ಕ್ಯಾಲ್ಸಿಯಂ ಇಲ್ಲದೆ ಹೃದಯದ ಸ್ನಾಯು ಹಿಂಡುವುದಿಲ್ಲ. ಇಲ್ಲಿ ಹಿಗ್ಗುವುದು ಮುಖ್ಯವಾಗಿ ಎಡಭಾಗ. ಜತೆಗೆ ಫಿಟ್ಸ್ ಬರಬಹುದು, ಇಸಿಜಿಯಲ್ಲಿ ಗುರುತು ಸಿಗುತ್ತದೆ, ಕ್ಯಾಲ್ಸಿಯಂ ಪರೀಕ್ಷೆಯ ವರದಿ ಬೇಗ ಬರುತ್ತದೆ. ಆಗ್ನೇಯ ಇಂಗ್ಲೆಂಡಿನಲ್ಲಿ 2000ದಿಂದ 2006ರ ನಡುವೆ ಹೀಗೆ ಹೃದಯ ಸೋತ 16 ಶಿಶುಗಳ ವಿವರ 2008ರಲ್ಲಿ ಪ್ರಕಟವಾಯಿತು. ಎಲ್ಲವೂ ನಮ್ಮ ಉಪಖಂಡದ ಅಥವಾ ಕಪ್ಪು ಜನರ ಮಕ್ಕಳು. ಮೂವರು ಉಳಿಯಲಿಲ್ಲ. ಇಬ್ಬರನ್ನು ಹೃದಯ ಕಸಿಗೆಂದು ಕಳಿಸಲಾಗಿತ್ತು, ಬೇಕಾದದ್ದು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ. ಬಿಸಿಲು ಕಡಿಮೆಯ ಇಂಗ್ಲೆಂಡಿನಲ್ಲಿ ಮಾತ್ರ ಹೀಗೆಂದು ತಿಳಿಯಬೇಡಿ. ಮಳೆಗಾಲದ ಮಲೆನಾಡಿನಲ್ಲಿ ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲಿ ತಾಯಿ ಮಗು ತಿಂಗಳುಗಟ್ಟಲೆ ಬಿಸಿಲು ಕಾಣದೆ ಇರುವುದುಂಟು. ಅದಕ್ಕೇ ಮಕ್ಕಳ ವೈದ್ಯರು ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಹಾಕಿಸುತ್ತಾರೆ. ಅದನ್ನು ನಡುವೆ ನಿಲ್ಲಿಸಬೇಡಿ.

ಬೆರಿಬೆರಿಯ ಕಥೆಯಲ್ಲಿ ನಮ್ಮ ನಾಡಿನ ಪಾಲು ದೊಡ್ಡದು. 1918ರಲ್ಲಿ, ನಿಮ್ಮ ಭದ್ರಾವತಿಯ ಕಾರ್ಖಾನೆಗೆ ಕೆಲಸ ಶುರುವಾದ ದಿನಗಳಲ್ಲೇ, ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರ ಕೈಯಲ್ಲಿ ಬೆರಿಬೆರಿಯ ವಿಚಾರಣೆಗೆಂದೇ ಒಂದು ಪುಟ್ಟ ಘಟಕ ತೆರೆಯಿತು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ದೇಶದ ಪೋಷಣಾ ವಿಜ್ಞಾನ ಹುಟ್ಟಿದ್ದೇ ಈ ಕಾಯಿಲೆಯ ಹುಡುಕಾಟದಲ್ಲಿ. ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ನರ ನಂತರ ಬಂದ ಅಕ್ರಾಯ್ಡ್ ಅವರು ಅಂದಿನ ಮದ್ರಾಸ್ ಪ್ರಾಂತ್ಯದ ಬೆರಿಬೆರಿ ಸೀಮೆಯಲ್ಲಿ ಶಿಶುಮರಣವನ್ನು ಅಭ್ಯಾಸ ಮಾಡಿ 1941ರಲ್ಲೇ ಬರೆದರು. ಥಯಮಿನ್ನನ್ನು 1936ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಅಮೆರಿಕದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನೆಲ್ಲೂರಿನಲ್ಲಿ, ಮಿಷನರಿ ದಂಪತಿಯ ಮಗನಾಗಿ, 1886ರಲ್ಲಿ. ಯುವಕನಾಗಿ ಮನಿಲಾದಲ್ಲಿ ಕೆಲಸ ಮಾಡುವಾಗ, ಬೆರಿಬೆರಿಯಿಂದ ಸಾಯುತ್ತಿದ್ದ ಎದೆಗೂಸುಗಳಿಗೆ ತೌಡಿನಿಂದ ತೆಗೆದ ಕಷಾಯದ ಹನಿ ಹಾಕಿದಾಗ ಅವು ಎದ್ದು ಕೂತದ್ದನ್ನು ಅವರು ಕಂಡಿದ್ದರು. ಆ ತೌಡಿನಲ್ಲಿದ್ದದ್ದು ಏನೆಂದು ಹುಡುಕಿ ಮುಗಿಸಲು ಕಾಲು ಶತಮಾನ ಹಿಡಿಯಿತು. ಅದೇ ವಸ್ತು ಶಿವಮೊಗ್ಗದಲ್ಲಿ ನಿಮ್ಮ ಮನೆಯ ಕೂಸಿನ ರಕ್ತಕ್ಕೆ ಇಳಿದದ್ದು.

ಇಷ್ಟು ತಿಳಿದ ಮೇಲೂ ಒಂದು ಕೊರಗು ಉಳಿಯುತ್ತದೆ. ಪಡಿತರದಲ್ಲಿ ಈಗ ಬರುವ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಇರಲೇಬೇಕೆಂಬ ನಿಯಮವಿದೆ. ಬಿ1 ಸೇರಿಸುವುದು ಐಚ್ಛಿಕ. ಅಕ್ಕಿಯ ಪಾಲಿಶ್‌ನಲ್ಲಿ ಕಳೆದುಹೋದ ವಸ್ತುವೇ ಅಕ್ಕಿಗೆ ಮರಳಿ ಸೇರಬೇಕಾದ ಪಟ್ಟಿಯಲ್ಲಿ ಕಡ್ಡಾಯವಾಗಿಲ್ಲ. ಅನ್ನವೇ ಮುಖ್ಯ ಊಟವಾದ ಶಿವಮೊಗ್ಗದಂಥ ಜಿಲ್ಲೆಗಳಿಗಾದರೂ ಅದು ಕಡ್ಡಾಯವಾಗಬೇಕು. ಅಲ್ಲಿಯವರೆಗೆ ಅಂಗನವಾಡಿಯ ದಾರಿಯಿದೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅನ್ನದ ಜತೆ ಬೇಳೆ ಸಾಂಬಾರು, ಸೊಪ್ಪು ತರಕಾರಿ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡುವ ವ್ಯವಸ್ಥೆಯಿದೆ. ಬಾಣಂತಿ ಹೊಸಿಲು ದಾಟಬಾರದೆಂದು ಆ ಊಟವನ್ನು ಬಿಟ್ಟುಬಿಡುವ ಮನೆಗಳೂ ಇವೆ.

ನಿಮ್ಮ ತಂಗಿಗೆ ಎದೆಹಾಲು ನಿಲ್ಲಿಸಲು ಯಾರಾದರೂ ಹೇಳಿದ್ದರೆ ಕೇಳಬೇಡಿ. ಹಾಲಿನಲ್ಲಿ ದೋಷವಿಲ್ಲ, ಹಾಲಿಗೆ ಇಳಿಯಬೇಕಾದದ್ದು ಇಳಿಯಲಿಲ್ಲ ಅಷ್ಟೇ. ಮಗುವಿನ ಜತೆಗೆ ತಾಯಿಗೂ ಬಿ1 ಮಾತ್ರೆ ಬರೆದುಕೊಟ್ಟಿರುತ್ತಾರೆ. ಮಗು ನಗುತ್ತಿದೆಯೆಂದು ಎರಡು ವಾರಕ್ಕೇ ಬಿಡದೆ, ಅವರು ಹೇಳಿದಷ್ಟು ದಿನವೂ ಇಬ್ಬರಿಗೂ ಕೊಡಬೇಕು. ತಟ್ಟೆಗೆ ಹೊಸದೇನನ್ನೂ ಊರಾಚೆಯಿಂದ ತರಬೇಕಾಗಿಲ್ಲ. ಎಳ್ಳಿನ ಉಂಡೆ, ಮೆಂತ್ಯ, ಸಬ್ಬಸಿಗೆ ಸೊಪ್ಪು ನಮ್ಮ ಬಾಣಂತನದಲ್ಲಿ ಮೊದಲಿನಿಂದಲೂ ಇದ್ದವೇ. ಅವುಗಳ ಜತೆ ಹೆಸರುಬೇಳೆಯ ತೊವ್ವೆ ಅಥವಾ ತೊಗರಿಬೇಳೆ ಕಟ್ಟು ದಿನವೂ ಇರಲಿ. ಅದೇ ಮೆಣಸಿನ ಸಾರಿಗೆ ಒಂದು ಹಿಡಿ ಬೇಳೆ ಬೀಳಲಿ. ವಾಯು ಎಂಬ ಭಯವಿದ್ದರೆ ಇಂಗು ಜೀರಿಗೆಯ ಒಗ್ಗರಣೆ ಇದ್ದೇ ಇದೆ. ಬಿಳಿ ಅಕ್ಕಿಯ ಬದಲು ಕುಸುಬಲಕ್ಕಿ ಒಂದು ಹೊತ್ತಿಗಾದರೂ ಆಗಲಿ, ರಾಗಿ ಅಂಬಲಿ ಒಂದು ಲೋಟ, ತಿನ್ನುವ ಮನೆಯಾದರೆ ಮೊಟ್ಟೆ ಮೀನು. ಅಕ್ಕಿಯನ್ನು ಒಂದೇ ನೀರಿನಲ್ಲಿ ತೊಳೆದು, ಬಸಿಯದೆ ಇಂಗಿಸಿ.

ಮುಂದಿನ ತಪಾಸಣೆಗೆ ಶಿವಮೊಗ್ಗಕ್ಕೆ ಹೋಗುವಾಗ ನಿಮ್ಮ ಅಮ್ಮನನ್ನೂ ಕರೆದುಕೊಂಡು ಹೋಗಿ. ಬಾಣಂತಿ ಊಟದ ವಿಷಯವನ್ನು ವೈದ್ಯರು ಅವರ ಹತ್ತಿರವೇ ಕೂತು ಮಾತಾಡಲಿ. ಆ ಮನೆಯಲ್ಲಿ, ಬಹುಶಃ ಆ ಬೀದಿಯಲ್ಲೂ, ಮುಂದಿನ ಬಾಣಂತನ ಮಾಡುವವರು ಅವರೇ.